ಪಕ್ಕದ ಹೊಲದ ಆಮಿಷ್ ಮಕ್ಕಳು ಅಷ್ಟು ವಿಧೇಯರಾಗಿರುವುದು ಪೆಟ್ಟಿನಿಂದಲೇ?

ಪ್ರಶ್ನೆ: ನಾವು ಶಿವಮೊಗ್ಗದ ಕಡೆಯವರು. ಪತಿಯ ಉದ್ಯೋಗದ ನಿಮಿತ್ತ ಎರಡು ವರ್ಷಗಳಿಂದ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ, ಲ್ಯಾಂಕಾಸ್ಟರ್ ಹತ್ತಿರ ಇದ್ದೇವೆ. ಮಗನಿಗೆ ಏಳು ವರ್ಷ, ಮಗಳಿಗೆ ಮೂರು. ರಸ್ತೆಯಾಚೆ ಒಂದು ಆಮಿಷ್ ಕುಟುಂಬದ ಹೊಲವಿದೆ, ಅಲ್ಲೇ ಅವರ ತರಕಾರಿ ಅಂಗಡಿ. (ಆಮಿಷರೆಂದರೆ ಕಾರು ಇಟ್ಟುಕೊಳ್ಳದೆ ಕುದುರೆಗಾಡಿಯಲ್ಲಿ ಓಡಾಡುವ, ಹಳೆಯ ರೀತಿಯಲ್ಲೇ ಬದುಕುವ ಕ್ರೈಸ್ತ ಪಂಗಡದವರು.) ಅವರಿಗೆ ಎಂಟು ಮಕ್ಕಳು. ಆರು ವರ್ಷದ ಹುಡುಗಿ ಜೋಳದ ತೆನೆ ಎಣಿಸಿ ಚೀಲಕ್ಕೆ ಹಾಕಿ ಚಿಲ್ಲರೆ ಕೊಡುತ್ತಾಳೆ. ಯಾರೂ ಕಿರುಚುವುದಿಲ್ಲ, ಹಟ ಮಾಡುವುದಿಲ್ಲ. ನನ್ನ ಮಗನ ಕೈಯಿಂದ ಟ್ಯಾಬ್ಲೆಟ್ ತೆಗೆದುಕೊಂಡರೆ ನೆಲದ ಮೇಲೆ ಬಿದ್ದು ಹೊರಳಾಡುತ್ತಾನೆ. ನಮ್ಮ ಜೊತೆ ಬಂದಿರುವ ಅತ್ತೆಯವರು ‘ಎರಡು ಬಿಟ್ಟರೆ ತಾನಾಗಿ ಸರಿಹೋಗುತ್ತಾನೆ’ ಎನ್ನುತ್ತಾರೆ. ‘ಆಮಿಷ್ ಪದ್ಧತಿ’ ಎಂಬ ಒಂದು ವಿಡಿಯೊದಲ್ಲಿಯೂ ಮೂರು ವರ್ಷದೊಳಗೆ ಬೆತ್ತದಿಂದ ಮಗುವಿನ ಹಟ ಮುರಿಯಬೇಕು ಎಂದು ಹೇಳಿದ್ದನ್ನು ನೋಡಿದೆ. ಆದರೆ ಕಳೆದ ತಿಂಗಳು ಆ ಮನೆಯ ಯಜಮಾನರು ಹತ್ತು ವರ್ಷದ ಮಗನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದೊಯ್ದರು. ಹುಡುಗ ಕೆಂಪು ಕಣ್ಣು ಒರೆಸಿಕೊಳ್ಳುತ್ತಾ ಹೊರಬಂದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪತಿಯ ಸಹೋದ್ಯೋಗಿಯೊಬ್ಬರು ಮೆನ್ನೊನೈಟ್ ಎಂಬ ಕ್ರೈಸ್ತ ಪಂಗಡದವರು. ಅವರು ಕಾರು ಓಡಿಸುತ್ತಾರೆ, ಮಕ್ಕಳ ಮೇಲೆ ಕೈ ಎತ್ತುವುದೇ ಇಲ್ಲವಂತೆ. ಮೆನ್ನೊನೈಟರೂ ಆಮಿಷರೂ ಒಂದೇ ಎಂದುಕೊಂಡಿದ್ದೆ. ನಾನು ಪಕ್ಕದ ಮನೆಯವರ ದಾರಿ ಹಿಡಿಯಲೇ, ಅವರ ಮೇಲೆ ದೂರು ಕೊಡಲೇ?

ಉತ್ತರ: ಅವರಂತೆ ಮಕ್ಕಳನ್ನು ಬೆಳೆಸುವ ಆಸೆ ಒಂದು ಕಡೆ, ಅವರ ಮೇಲೆ ದೂರು ಕೊಡಬೇಕೇನೋ ಎಂಬ ಅಳುಕು ಇನ್ನೊಂದು ಕಡೆ. ಎರಡೂ ಒಂದೇ ಮನಸ್ಸಿನಲ್ಲಿರುವುದು ನನಗೆ ವಿಚಿತ್ರವೆನಿಸಲಿಲ್ಲ. ಮಕ್ಕಳ ಮನಶ್ಶಾಸ್ತ್ರಜ್ಞೆಯಾಗಿ ನಾನು ಹನ್ನೊಂದು ವರ್ಷ ಕೆಲಸ ಮಾಡಿದ್ದು ನಿಮ್ಮ ಸೀಮೆಯ ಚಿಕಿತ್ಸಾಲಯದಲ್ಲೇ. ಆಮಿಷ್ ಕುಟುಂಬಗಳು ಬಾಡಿಗೆ ವ್ಯಾನಿನಲ್ಲಿ ಬಂದು, ಆರು ಮಕ್ಕಳನ್ನು ಸಾಲಾಗಿ ಬೆಂಚಿನ ಮೇಲೆ ಕೂರಿಸಿ, ಒಬ್ಬನನ್ನು ಮಾತ್ರ ಒಳಗೆ ಕರೆತರುತ್ತಿದ್ದರು. ಮುಕ್ಕಾಲು ಗಂಟೆಯ ನಂತರ ನೋಡಿದರೂ ಉಳಿದ ಐವರು ಕೂತಲ್ಲೇ ಇರುತ್ತಿದ್ದರು. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ನನ್ನ ಮಗಳು ಕುರ್ಚಿಯನ್ನು ತಲೆಕೆಳಗು ಮಾಡಿ ಹಡಗು ನಡೆಸುತ್ತಿದ್ದಳು. ನಿಮಗೆ ಆಗಿರುವ ಹೊಟ್ಟೆಕಿಚ್ಚು ನನಗೂ ಆಗಿತ್ತು.

ಮೊದಲು ಹೆಸರಿನ ಗೊಂದಲ. (ನಮ್ಮ ಭಾಷೆಯ ‘ಆಮಿಷ’ಕ್ಕೂ ಇವರಿಗೂ ನಂಟಿಲ್ಲ. ಮಕ್ಕಳಿಗೆ ಆಮಿಷ ಒಡ್ಡದೆ ಬೆಳೆಸುವ ಜನ ಇವರು ಎಂದು ಬೇಕಾದರೆ ನೆನಪಿಟ್ಟುಕೊಳ್ಳಿ.) 1525ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕೆಲವರು ಹಸುಳೆಗೆ ದೀಕ್ಷಾಸ್ನಾನ ಮಾಡಿಸುವುದು ಅರ್ಥಹೀನ, ತಿಳಿವಳಿಕೆ ಬಂದ ಮೇಲೆ ಮನುಷ್ಯ ತಾನೇ ಆರಿಸಿಕೊಳ್ಳಬೇಕು ಎಂದು ಹಟ ಹಿಡಿದರು. ಅದಕ್ಕಾಗಿ ಅವರನ್ನು ನೀರಿನಲ್ಲಿ ಮುಳುಗಿಸಿ, ಬೆಂಕಿಗೆ ಹಾಕಿ ಕೊಂದರು. ಆ ಪಂಥವನ್ನು ಮುಂದೆ ಕಟ್ಟಿ ನಿಲ್ಲಿಸಿದ ಡಚ್ ಪಾದ್ರಿ ಮೆನ್ನೊ ಸೈಮನ್ಸ್‌ನ ಹೆಸರಿನಿಂದ ಮೆನ್ನೊನೈಟರು ಬಂದರು. 1693ರಲ್ಲಿ ಯಾಕೊಬ್ ಆಮ್ಮನ್ ಎಂಬಾತ ಇನ್ನಷ್ಟು ಕಟ್ಟುನಿಟ್ಟು ಬೇಕೆಂದು ಸಿಡಿದು ಹೋದಾಗ ಆಮಿಷರಾದರು. ಇವತ್ತು ಮೆನ್ನೊನೈಟರಲ್ಲಿ ಕುದುರೆಗಾಡಿ ಬಿಡದ ಹಳೆಯ ಪದ್ಧತಿಯವರಿದ್ದಾರೆ, ನಿಮ್ಮ ಪತಿಯ ಸಹೋದ್ಯೋಗಿಯಂತೆ ಲ್ಯಾಪ್‌ಟಾಪ್ ಹಿಡಿದು ಕಚೇರಿಗೆ ಹೋಗುವವರಿದ್ದಾರೆ, ನಮ್ಮ ರಾಯಚೂರಿನ ಗಡಿಯಾಚೆ ಗದ್ವಾಲ್, ಮೆಹಬೂಬ್‌ನಗರದ ಕಡೆ ತೆಲುಗಿನಲ್ಲಿ ಪ್ರಾರ್ಥಿಸುವವರೂ ಇದ್ದಾರೆ. ‘ಮೆನ್ನೊನೈಟರು ಮಕ್ಕಳನ್ನು ಹೊಡೆಯುತ್ತಾರೆಯೇ’ ಎಂದು ಕೇಳುವುದು ‘ಕನ್ನಡಿಗರು ಮಕ್ಕಳನ್ನು ಹೊಡೆಯುತ್ತಾರೆಯೇ’ ಎಂದು ಕೇಳಿದಂತೆಯೇ.

ಆಮಿಷರಲ್ಲಿಯೂ ಒಂದು ಸಭೆಯ (ಚರ್ಚಿನ) ನಿಯಮ ಇನ್ನೊಂದಕ್ಕಿಲ್ಲ. ಆದರೂ ಸುತ್ತಿ ಬಳಸಿ ಹೇಳುವುದಿಲ್ಲ: ಹೌದು, ಬಹುಪಾಲು ಆಮಿಷ್ ಮನೆಗಳಲ್ಲಿ ಪೆಟ್ಟು ಇದೆ. ‘ಬೆತ್ತ ಹಿಡಿಯದವನು ಮಗನನ್ನು ದ್ವೇಷಿಸುತ್ತಾನೆ’ ಎಂಬ ಬೈಬಲಿನ ಜ್ಞಾನೋಕ್ತಿಯನ್ನು ಅವರು ಅಕ್ಷರಶಃ ತೆಗೆದುಕೊಳ್ಳುತ್ತಾರೆ. ನಮ್ಮಲ್ಲಿ ‘ದಂಡಂ ದಶಗುಣಂ’, ಉತ್ತರ ಕರ್ನಾಟಕದ ‘ಛಡಿ ಚಂ ಚಂ, ವಿದ್ಯಾ ಘಂ ಘಂ’ ಇದ್ದ ಹಾಗೆ. ಸ್ವತಃ ಆಮಿಷ್ ಮನೆಯಲ್ಲಿ ಹುಟ್ಟಿ ಬೆಳೆದು ಸಮಾಜಶಾಸ್ತ್ರಜ್ಞರಾದ ಜಾನ್ ಹಾಸ್ಟೆಟ್ಲರ್ ಕೂಡ ಅಂಗೈಯ ಏಟು, ಸಣ್ಣ ಬರಲಿನ ಏಟು ಅಲ್ಲಿ ಸಾಮಾನ್ಯವೆಂದು ದಾಖಲಿಸಿದ್ದಾರೆ.

ಆದರೆ ನೀವು ನೋಡಿದ ವಿಡಿಯೊದ ಮಾತು ಬೇರೆ. ಅಮೆರಿಕದ ಪಾದ್ರಿ ದಂಪತಿಯೊಬ್ಬರು 1990ರ ದಶಕದಲ್ಲಿ ಒಂದು ಪುಸ್ತಕ ಬರೆದು, ಆಮಿಷರು ತಮ್ಮ ಮೊಂಡ ಹೇಸರಗತ್ತೆಗಳನ್ನು ಪಳಗಿಸುವ ತತ್ತ್ವವೇ ಮಗುವಿಗೂ ಸಾಕು ಎಂದರು. ಅವರು ಆಮಿಷರಲ್ಲ. ಆ ಪುಸ್ತಕವಿದ್ದ ಮನೆಗಳಲ್ಲಿ ಮಕ್ಕಳು ಪೆಟ್ಟು ತಿಂದು ಸತ್ತ ಪ್ರಕರಣಗಳು ನ್ಯಾಯಾಲಯದವರೆಗೆ ಹೋಗಿವೆ. ಅಂತರ್ಜಾಲದಲ್ಲಿ ‘ಆಮಿಷ್ ಪದ್ಧತಿ’ ಎಂದು ಓಡಾಡುವ ಎಷ್ಟೋ ಮಾತು ಇಂಥ ಕಡೆಯಿಂದ ಬಂದದ್ದು. ನಿಜವಾದ ಆಮಿಷ್ ತಾಯಿ ಕೈಕೂಸನ್ನು ನೆಲಕ್ಕಿಳಿಸುವುದೇ ಅಪರೂಪ. ಹಸುಳೆ ತಪ್ಪು ಮಾಡಲಾರದು ಎಂಬುದು ಅವರ ನಂಬಿಕೆ; ದೀಕ್ಷಾಸ್ನಾನವನ್ನು ಹದಿನೆಂಟು ಇಪ್ಪತ್ತರವರೆಗೆ ಮುಂದೂಡುವುದರ ಹಿಂದೆಯೂ ಅದೇ ಇದೆ. ಮಗುವಿಗೆ ಎರಡು ವರ್ಷವಾಗುವವರೆಗೆ ಆ ಮನೆ ನಮ್ಮ ಅಜ್ಜಿಮನೆಯಷ್ಟೇ ಮೆತ್ತಗಿರುತ್ತದೆ. ಮಾತು ಕೇಳಬೇಕು ಎಂಬ ಪಾಠ ಶುರುವಾಗುವುದು ಆಮೇಲೆ.

ಇನ್ನೊಂದು ಸುಳ್ಳೂ ಚಲಾವಣೆಯಲ್ಲಿದೆ, ಮಾತು ಕೇಳದ ಮಗುವಿಗೆ ಬಹಿಷ್ಕಾರ ಹಾಕುತ್ತಾರೆ ಎಂದು. ಬಹಿಷ್ಕಾರ ದೀಕ್ಷಾಸ್ನಾನ ಪಡೆದು ವಚನ ಮುರಿದ ವಯಸ್ಕರಿಗೆ ಮಾತ್ರ. ಹದಿನಾರಕ್ಕೆ ಮಕ್ಕಳನ್ನು ಲಂಗುಲಗಾಮಿಲ್ಲದೆ ಬಿಟ್ಟುಬಿಡುತ್ತಾರೆ ಎಂಬ ಟಿವಿ ಕಥೆಯನ್ನೂ ಪೂರ್ತಿ ನಂಬಬೇಡಿ. ‘ರುಮ್‌ಸ್ಪ್ರಿಂಗಾ’ ಎಂಬ ಆ ವಯಸ್ಸಿನಲ್ಲಿ ಹೆಚ್ಚಿನ ಹುಡುಗ ಹುಡುಗಿಯರು ಮನೆಯಲ್ಲೇ ಇದ್ದು, ಭಾನುವಾರ ಸಂಜೆ ಒಟ್ಟಿಗೆ ಹಾಡಲು ಸೇರುತ್ತಾರೆ, ಅಲ್ಲೇ ಜೊತೆ ಹುಡುಕಿಕೊಳ್ಳುತ್ತಾರೆ.

ಈಗ ನಿಮ್ಮ ಕಣ್ಣಿಗೆ ಬಿದ್ದ ಮೌನದ ವಿಚಾರ. ಅದರಲ್ಲಿ ಒಂದಿಷ್ಟು ಭಾಷೆಯದು. ಆಮಿಷ್ ಮಕ್ಕಳ ಮನೆಮಾತು ಪೆನ್ಸಿಲ್ವೇನಿಯಾ ಡಚ್ ಎಂಬ ಜರ್ಮನ್ ಉಪಭಾಷೆ. ಇಂಗ್ಲಿಷನ್ನು ಹೆಚ್ಚಿನವರು ಸರಿಯಾಗಿ ಕಲಿಯುವುದು ಆರನೆಯ ವರ್ಷದಲ್ಲಿ, ಶಾಲೆಗೆ ಸೇರಿದ ಮೇಲೆ. ನೀವು ತರಕಾರಿಗೆ ಹೋದಾಗ ತಾಯಿಯ ಸೆರಗಿನ ಹಿಂದೆ ನಿಂತ ನಾಲ್ಕು ವರ್ಷದ ಪೋರನಿಗೆ ನಿಮ್ಮ ಮಾತೇ ತಿಳಿಯುವುದಿಲ್ಲ. ಅಮೆರಿಕನ್ ಅತಿಥಿಗಳು ಬಂದಾಗ ನಿಮ್ಮ ಮಗಳು ಹೇಗಿರುತ್ತಾಳೆ, ನೆನಪಿಸಿಕೊಳ್ಳಿ. ಅದೇ ಮಕ್ಕಳನ್ನು ಶಾಲೆಯ ಬಿಡುವಿನಲ್ಲಿ ಸಾಫ್ಟ್‌ಬಾಲ್ ಆಡುವಾಗ ನೋಡಿದರೆ ನಿಮ್ಮ ಅಭಿಪ್ರಾಯ ಅರ್ಧ ಬದಲಾದೀತು. ಅಷ್ಟು ಗದ್ದಲ.

ಉಳಿದದ್ದು ನಿಜವಾದ ವಿಧೇಯತೆ. ಅದು ಕೊಟ್ಟಿಗೆಯ ಹಿಂದೆ ತಯಾರಾದದ್ದಲ್ಲ. ಊಟಕ್ಕೆ ಮುಂಚಿನ ಮೌನ ಪ್ರಾರ್ಥನೆಯಲ್ಲಿ ತಾಯಿ ಕೂಸಿನ ಎರಡು ಕೈಗಳನ್ನೂ ತನ್ನ ಅಂಗೈಯೊಳಗೆ ಹಿಡಿದುಕೊಳ್ಳುತ್ತಾಳೆ. ಮಾತು ಬರುವ ಮೊದಲೇ ಆ ಕೂಸಿಗೆ ದಿನಕ್ಕೆ ಮೂರು ಹೊತ್ತು ಸುಮ್ಮನಿರುವ ಅಭ್ಯಾಸ. ಎರಡು ವಾರಕ್ಕೊಮ್ಮೆ ಯಾರದಾದರೂ ಮನೆಯಲ್ಲಿ ಮೂರು ಗಂಟೆಯ ಆರಾಧನೆ, ಒರಗಿಲ್ಲದ ಬೆಂಚು. ನಡುವೆ ಚಿಕ್ಕವರಿಗೆ ಬಿಸ್ಕತ್ತಿನ ತಟ್ಟೆ ಬರುತ್ತದೆ ಎಂಬುದನ್ನೂ ಹೇಳಿಬಿಡಬೇಕು, ಅವರೇನು ತಪಸ್ವಿಗಳಲ್ಲ. ನಾಲ್ಕೈದು ವರ್ಷಕ್ಕೆ ಮೊಟ್ಟೆ ಆರಿಸುವ ಕೆಲಸ, ಆರಕ್ಕೆ ನಿಮ್ಮ ಜೋಳದ ತೆನೆ ಎಣಿಸಿದ ಹುಡುಗಿಯ ಕೆಲಸ. ಮೊಟ್ಟೆ ಆರಿಸದಿದ್ದರೆ ಮನೆಗೆ ಮೊಟ್ಟೆಯಿಲ್ಲ, ಹಾಗಾಗಿ ಅದನ್ನು ಮಾಡಿಸಲು ಯಾರೂ ಅಂಟಿಸುವ ನಕ್ಷತ್ರ ಕೊಡಬೇಕಿಲ್ಲ. ಒಂದು ಮನೆಗೆ ಆರೇಳು ಮಕ್ಕಳು. ಮೇಲಿನದು ಕೆಳಗಿನದನ್ನು ಎತ್ತಿಕೊಂಡೇ ಬೆಳೆಯುತ್ತದೆ. ಇಂದು ಬೇಡ ಎಂದದ್ದು ನಾಳೆಯೂ ಬೇಡ, ಅಪ್ಪನ ಮನೆಯಲ್ಲಿ ಬೇಡವಾದದ್ದು ಚಿಕ್ಕಪ್ಪನ ಮನೆಯಲ್ಲೂ ಶಾಲೆಯಲ್ಲೂ ಬೇಡ. ಮಗು ಹಟ ಹಿಡಿಯಬೇಕಾದರೆ ಎಲ್ಲೋ ಒಂದು ಸಂದು ಕಾಣಬೇಕು. ಅಲ್ಲಿ ಸಂದೇ ಇಲ್ಲ. ನಮ್ಮ ಮನೆಗಳಲ್ಲಿ ಅಮ್ಮ ಬೇಡ ಎಂದ ಟ್ಯಾಬ್ಲೆಟ್ಟನ್ನು ಅಪ್ಪ ಹತ್ತೇ ನಿಮಿಷ ಎಂದು ಕೊಡುತ್ತಾರೆ, ವಿಡಿಯೊ ಕರೆಯಲ್ಲಿ ಅಜ್ಜ ಪಾಪ ಕೊಟ್ಟುಬಿಡಮ್ಮ ಎನ್ನುತ್ತಾರೆ.

ಇಷ್ಟೆಲ್ಲದರ ಕೆಳಗೆ ಒಂದು ಪದವಿದೆ: ‘ಗೆಲಾಸೆನ್‌ಹೈಟ್’. ಶರಣಾಗುವುದು, ತಾನೆಂಬುದನ್ನು ಕೆಳಗಿಡುವುದು ಎನ್ನಬಹುದು. ಮೊದಲು ಯೇಸು, ಆಮೇಲೆ ಇತರರು, ಕೊನೆಗೆ ನೀನು ಎಂದು ಅವರ ಶಾಲೆಗಳ ಗೋಡೆಯ ಮೇಲೆ ಬರೆದಿರುತ್ತಾರೆ. ಪ್ರಾಣ ಕೊಟ್ಟರೂ ಕೈ ಎತ್ತದೆ ಉಳಿದುಬಂದ ಜನಕ್ಕೆ ಅಹಂಕಾರವೇ ಎಲ್ಲಕ್ಕಿಂತ ದೊಡ್ಡ ಪಾಪ, ಮಗುವಿನ ಹಟದಲ್ಲಿ ಅವರಿಗೆ ಕಾಣುವುದು ಅದರ ಮೊಳಕೆ. ಮಗುವಿನ ಆತ್ಮಕ್ಕೆ ದೇವರ ಮುಂದೆ ಉತ್ತರ ಹೇಳಬೇಕಾದವರು ತಂದೆತಾಯಿ ಎಂದೂ ನಂಬುತ್ತಾರೆ. ಹಾಗಾಗಿ ಅಲ್ಲಿ ಪೆಟ್ಟು ಸಾಮಾನ್ಯವಾಗಿ ಕೋಪದ ಭರದಲ್ಲಿ ಬೀಳುವುದಲ್ಲ. ಮಕ್ಕಳನ್ನು ಸಿಟ್ಟಿಗೆಬ್ಬಿಸಬೇಡಿ ಎಂದು ತಂದೆಯರಿಗೆ ಹೇಳುವ ಬೈಬಲಿನ ಮಾತೂ ಅವರಿಗೆ ಬಾಯಿಪಾಠ. ಕೊಟ್ಟಿಗೆಯ ಹಿಂದಕ್ಕೆ ಕರೆದೊಯ್ದದ್ದರಲ್ಲಿ ಮುಚ್ಚುಮರೆಯಷ್ಟೇ ಇರಬೇಕೆಂದಿಲ್ಲ, ಹುಡುಗನಿಗೆ ಎಲ್ಲರೆದುರು ಅವಮಾನವಾಗದಿರಲಿ ಎಂಬುದೂ ಇರಬಹುದು.

ಇದನ್ನು ನಾನು ಸಮರ್ಥನೆಯಾಗಿ ಹೇಳುತ್ತಿಲ್ಲ. ಸೈನ್ಯಕ್ಕೆ ಸೇರದ, ನ್ಯಾಯಾಲಯಕ್ಕೆ ಹೋಗದ, ಕೆನ್ನೆಗೆ ಹೊಡೆದವನಿಗೆ ಇನ್ನೊಂದು ಕೆನ್ನೆ ತೋರಿಸುವ ಜನ ಮನೆಯ ಅತಿ ಚಿಕ್ಕವರ ಮೇಲೆ ಕೈ ಮಾಡುವುದು ಎಲ್ಲೋ ಕುಟುಕುತ್ತದೆ. ಅದು ಮೊದಲು ಕುಟುಕಿದ್ದು ಹೊರಗಿನವರಿಗಲ್ಲ. ನಿಮ್ಮ ರಾಜ್ಯದಲ್ಲೇ, ಸ್ಕಿಪ್ಯಾಕ್ ಎಂಬ ಊರಿನಲ್ಲಿ, ಹದಿನೆಂಟನೆಯ ಶತಮಾನದಲ್ಲಿ ಕ್ರಿಸ್ಟೊಫರ್ ಡಾಕ್ ಎಂಬ ಮೆನ್ನೊನೈಟ್ ಮೇಷ್ಟರಿದ್ದರು. ಶಾಲೆಯನ್ನು ಹೇಗೆ ನಡೆಸುತ್ತೀರಿ ಬರೆದುಕೊಡಿ ಎಂದು ಜನ ಕಾಡಿದಾಗ 1750ರಲ್ಲಿ ಬರೆದರು. ಹೆಸರು ಬಂದರೆ ಅಹಂಕಾರ ಬಂದೀತೆಂಬ ಸಂಕೋಚದಲ್ಲಿ ಅದು ಅಚ್ಚಾಗಲು ಇಪ್ಪತ್ತು ವರ್ಷ ಹಿಡಿಯಿತು. ಹೊಸ ಮಗು ಅಕ್ಷರಮಾಲೆ ಕಲಿತಾಗ ತಂದೆ ಒಂದು ಪೆನ್ನಿ ಕೊಡಬೇಕು, ತಾಯಿ ಎರಡು ಮೊಟ್ಟೆ ಹುರಿದುಕೊಡಬೇಕು ಎಂಬುದು ಅವರ ಕಟ್ಟಳೆ. ಮಗುವೊಂದು ಕೆಟ್ಟ ಮಾತಾಡಿದರೆ ಮೊದಲು ಕೇಳುತ್ತಿದ್ದದ್ದು, ಈ ಮಾತಿನ ಅರ್ಥ ನಿನಗೆ ಗೊತ್ತೇ, ಎಲ್ಲಿ ಕೇಳಿದೆ ಎಂದು. ಅವರೂ ಬೆತ್ತವನ್ನು ಪೂರ್ತಿ ಬಿಟ್ಟವರಲ್ಲ, ಆದರೆ ಪ್ರೀತಿಯಿಂದ ಆಗುವುದು ಅದರಿಂದ ಆಗುವುದಿಲ್ಲ ಎಂದು ಬರೆದಿಟ್ಟರು. ಇಂದು ಕಾರು ಓಡಿಸುವ ಎಷ್ಟೋ ಮೆನ್ನೊನೈಟ್ ಕುಟುಂಬಗಳು ಅಹಿಂಸೆ ಮನೆಯೊಳಗೂ ಇರಬೇಕಲ್ಲವೇ ಎಂದು ಕೇಳಿಕೊಂಡು ಹೊಡೆಯುವುದನ್ನು ಬಿಟ್ಟಿವೆ. ನಿಮ್ಮ ಪರಿಚಿತರು ಆ ಸಾಲಿನವರಿರಬೇಕು.

ಆ ವಿಧೇಯತೆಗೆ ಬೆಲೆಯೂ ಇದೆ, ಅದು ಅಂಗಡಿಯ ಮುಂದೆ ಕಾಣುವುದಿಲ್ಲ. ಹಿರಿಯರಿಗೆ ‘ಇಲ್ಲ’ ಎನ್ನಲು ಕಲಿಯದ ಮಗುವಿಗೆ ಆ ಹಿರಿಯನ ಕೈ ತಪ್ಪು ಕಡೆಗೆ ಹೋದಾಗಲೂ ‘ಇಲ್ಲ’ ಬರುವುದಿಲ್ಲ. ಆಮಿಷ್ ಮತ್ತು ಹಳೆಯ ಪದ್ಧತಿಯ ಮೆನ್ನೊನೈಟ್ ಸಮುದಾಯಗಳಲ್ಲಿ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಾಗ, ತಪ್ಪಿತಸ್ಥ ಸಭೆಯ ಮುಂದೆ ಮಂಡಿಯೂರಿ ಒಪ್ಪಿಕೊಂಡ, ಕೆಲವು ವಾರ ದೂರವಿಟ್ಟರು, ಕ್ಷಮಿಸಿದರು, ಇನ್ನು ಆ ಮಾತು ಎತ್ತುವಂತಿಲ್ಲ ಎಂದು ಮುಗಿಸಿದ ಪ್ರಕರಣಗಳು ಪತ್ರಿಕೆಗಳಲ್ಲೂ ನ್ಯಾಯಾಲಯಗಳಲ್ಲೂ ಬಂದಿವೆ. ಇಂಥ ಮಕ್ಕಳಲ್ಲಿ ಕೆಲವರು ದೊಡ್ಡವರಾದ ಮೇಲೆ ನನ್ನ ಮುಂದೆ ಕೂತಿದ್ದಾರೆ. ಅವರು ಮೊದಲ ದಿನ ಕೇಳುತ್ತಿದ್ದದ್ದು, ‘ನಾನು ಇದನ್ನು ಹೇಳುವುದು ಅವಿಧೇಯತೆಯೇ?’ ಎಂದು. ಆಮಿಷ್ ಶಾಲೆ ಎಂಟನೆಯ ತರಗತಿಗೆ ನಿಲ್ಲುತ್ತದೆ. 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಯೋಡರ್ ಎಂಬ ಆಮಿಷ್ ತಂದೆಯ ಪ್ರಕರಣದಲ್ಲಿ ಅದನ್ನು ಒಪ್ಪಿಕೊಂಡಾಗ, ನ್ಯಾಯಮೂರ್ತಿ ಡಗ್ಲಸ್ ಒಬ್ಬರೇ ಆ ಮಕ್ಕಳನ್ನು ಕೇಳಿದವರು ಯಾರು ಎಂದು ಭಿನ್ನ ಧ್ವನಿ ಎತ್ತಿದರು. ಆ ಪ್ರಶ್ನೆ ಈಗಲೂ ಹಾಗೆಯೇ ಇದೆ.

ಅತ್ತೆಯವರ ‘ಎರಡು ಬಿಟ್ಟರೆ’ ವಿಚಾರಕ್ಕೆ ಬರೋಣ. ಬಿಟ್ಟರೆ ಆ ಕ್ಷಣಕ್ಕೆ ನಿಲ್ಲಬಹುದು. ಆಮೇಲಿನ ಲೆಕ್ಕ ಬೇರೆ. 2016ರಲ್ಲಿ ಎಲಿಜಬೆತ್ ಗರ್ಶಾಫ್ ಮತ್ತು ಆಂಡ್ರೂ ಗ್ರೋಗನ್-ಕೇಲರ್ 75 ಅಧ್ಯಯನಗಳನ್ನು, ಸುಮಾರು 1.6 ಲಕ್ಷ ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಬರೀ ಅಂಗೈಯ ಏಟು ತಿಂದ ಮಕ್ಕಳಲ್ಲೂ ಹೊಡೆದಾಟ, ಆತಂಕ, ತಂದೆತಾಯಿಯೊಡನೆ ಬಿರುಕು ಹೆಚ್ಚಾಗಿ ಕಂಡವು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ಹೊಡೆಯಲೇಬೇಡಿ ಎಂದು ಸ್ಪಷ್ಟವಾಗಿ ಹೇಳಿತು. ‘ನಾವು ತಿಂದು ಬೆಳೆಯಲಿಲ್ಲವೇ’ ಎಂದು ಅತ್ತೆಯವರು ಕೇಳಿಯಾರು. ಅದರಲ್ಲಿ ಸ್ವಲ್ಪ ಹುರುಳಿದೆ. 2005ರಲ್ಲಿ ಜೆನಿಫರ್ ಲ್ಯಾನ್ಸ್‌ಫರ್ಡ್ ಮತ್ತು ಸಂಗಡಿಗರು ಭಾರತವೂ ಸೇರಿದಂತೆ ಆರು ದೇಶಗಳಲ್ಲಿ ನೋಡಿದರು. ಎಲ್ಲರ ಮನೆಯಲ್ಲೂ ಪೆಟ್ಟು ಮಾಮೂಲಿ ಎಂದು ಮಗುವಿಗೆ ಅನಿಸುವ ಕಡೆ ಅದರ ಹಾನಿ ಕಡಿಮೆ. ಕಡಿಮೆಯಷ್ಟೇ, ಇಲ್ಲವೆಂದಲ್ಲ. ಕೊಟ್ಟಿಗೆಯ ಹಿಂದಿನಿಂದ ಬಂದ ಹುಡುಗನಿಗೆ ಅಣ್ಣನೂ ಗೆಳೆಯನೂ ಅದನ್ನೇ ತಿಂದಿರುವುದು ಗೊತ್ತು. ನಿಮ್ಮ ಮಗನ ತರಗತಿಯಲ್ಲಿ ಯಾರ ಮನೆಯಲ್ಲೂ ಹೊಡೆಯುವುದಿಲ್ಲವಾದರೆ, ಅದೇ ಏಟು ಅವನಿಗೆ ಹೇಳುವುದು ‘ಅಮ್ಮನಿಗೆ ನಾನು ಬೇಡ’ ಎಂದು.

ಕಾನೂನೂ ತಿಳಿದಿರಲಿ. ತಂದೆತಾಯಿ ಶಿಸ್ತಿಗಾಗಿ ಮಿತವಾಗಿ ಹೊಡೆಯುವುದು ಅಮೆರಿಕದ ಯಾವ ರಾಜ್ಯದಲ್ಲೂ ಅಪರಾಧವಲ್ಲ. ಆದರೆ ಪೆನ್ಸಿಲ್ವೇನಿಯಾದಲ್ಲಿ ಗಣನೀಯ ನೋವು ಅಥವಾ ದೇಹಕ್ಕೆ ಹಾನಿಯಾದರೆ ಅದು ದೌರ್ಜನ್ಯ. ಒಂದು ವರ್ಷದೊಳಗಿನ ಕೂಸಿಗೆ ಜೋರಾಗಿ ಹೊಡೆದರೆ ಗಾಯದ ಪ್ರಶ್ನೆಯೇ ಬರುವುದಿಲ್ಲ, ಹೊಡೆದದ್ದೇ ದೌರ್ಜನ್ಯ. ಅಲ್ಲಿ ಶಿಕ್ಷಕರು, ವೈದ್ಯರು ಸಂಶಯ ಬಂದರೆ ವರದಿ ಮಾಡಲೇಬೇಕು. ಮಗನ ತೊಡೆಯ ಮೇಲೆ ಬಾಸುಂಡೆ ಕಂಡರೆ ಶಾಲೆಯವರು ನಿಮ್ಮನ್ನು ಕೇಳಿ ವರದಿ ಮಾಡಬೇಕಿಲ್ಲ. ಇದನ್ನು ಅತ್ತೆಯವರಿಗೆ ಹೆದರಿಸುವ ಧಾಟಿಯಲ್ಲಿ ಹೇಳಬೇಡಿ, ಇಲ್ಲಿಯ ಕಾನೂನು ಹೀಗಿದೆ ಎಂದಷ್ಟೇ ಹೇಳಿ. ಊರಿನ ಶಾಲೆಗಳಲ್ಲಿ ಕೂಡ 2009ರ ಶಿಕ್ಷಣ ಹಕ್ಕು ಕಾಯ್ದೆಯ ನಂತರ ಬೆತ್ತಕ್ಕೆ ನಿಷೇಧವಿದೆ.

ಹಾಗಾದರೆ ಪಕ್ಕದ ಹೊಲದಿಂದ ಏನೂ ತರುವಂತಿಲ್ಲವೇ? ತರಬಹುದು, ಆದರೆ ನಮಗೆ ಎತ್ತಿಕೊಂಡು ಬರಲು ಸುಲಭವಾಗಿ ಸಿಗುವುದು ಬೆತ್ತ ಒಂದೇ. ಎಂಟು ಮಕ್ಕಳು, ಚಿಕ್ಕಪ್ಪಂದಿರು, ಹೊಲ, ಒಂದೇ ಮಾತಾಡುವ ಊರು ಚೀಲದಲ್ಲಿ ಬರುವುದಿಲ್ಲ. ಬೆತ್ತ ಮಾತ್ರ ಬಂದ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ.

ತರಬಹುದಾದದ್ದರಲ್ಲಿ ಮೊದಲನೆಯದು ನಿಜವಾದ ಕೆಲಸ. ಏಳು ವರ್ಷದವನಿಗೆ ಆಟದ ಕೆಲಸ ಬೇಡ, ಮಾಡದಿದ್ದರೆ ಮನೆಗೆ ಕೊರತೆಯಾಗುವಂಥದ್ದು ಕೊಡಿ. ಅತ್ತೆಯವರು ಇದ್ದಾರಲ್ಲ, ಅವರ ಪಕ್ಕದಲ್ಲಿ ಕೂತು ಬಟಾಣಿ ಸುಲಿಯಲಿ, ಚಪಾತಿ ಹಿಟ್ಟು ನಾದಲಿ. ಹೊಡೆದು ಕಲಿಸುತ್ತೇನೆ ಎಂದವರಿಗೆ ಜೊತೆಗೂಡಿ ಕಲಿಸುವ ಕೆಲಸ ಸಿಕ್ಕರೆ ಮನೆಯ ಅರ್ಧ ಜಗಳ ಇಳಿಯುತ್ತದೆ ಎಂಬುದು ನನ್ನ ಅನುಭವ. ಇದರ ಅಪಾಯವೆಂದರೆ ಒಬ್ಬನನ್ನೇ ಕೂರಿಸಿ ಮಾಡಿಸಿದರೆ ಅದು ಶಿಕ್ಷೆಯಾಗುತ್ತದೆ. ಆಮಿಷ್ ಮಗು ಒಂಟಿಯಾಗಿ ಕೆಲಸ ಮಾಡುವುದು ಕಡಿಮೆ, ಪಕ್ಕದಲ್ಲಿ ಯಾರಾದರೂ ಇರುತ್ತಾರೆ. ಇನ್ನೊಂದು, ಹೊಲದಲ್ಲಿ ಯಂತ್ರ, ಕುದುರೆ, ಹುಲ್ಲಟ್ಟದ ತೂತುಗಳಿಂದ ಆ ಮಕ್ಕಳಿಗೆ ಆಗುವ ಅಪಘಾತಗಳನ್ನು ಆಸ್ಪತ್ರೆಯಲ್ಲಿ ನೋಡಿದ್ದೇನೆ. ಆದ್ದರಿಂದ ಅವರ ಮನೆಯ ಎಲ್ಲ ಕೆಲಸವೂ ಅನುಕರಣೀಯವಲ್ಲ.

ಎರಡನೆಯದು ಸಂದು ಮುಚ್ಚುವುದು. ಟ್ಯಾಬ್ಲೆಟ್ ಯಾವಾಗ, ಎಷ್ಟು ಹೊತ್ತು ಎಂಬುದನ್ನು ನೀವೂ ಪತಿಯೂ ಅತ್ತೆಯವರೂ ಮಕ್ಕಳಿಲ್ಲದಾಗ ಕೂತು ತೀರ್ಮಾನಿಸಿ, ಆಮೇಲೆ ಮೂವರೂ ಅದನ್ನೇ ಹೇಳಿ. ಕಡಿಮೆ ಮಾತು ಸಾಕು. ನಾವು ವಿದ್ಯಾವಂತ ತಂದೆತಾಯಿಯರು ಏಳು ವರ್ಷದವನ ಮುಂದೆ ವಕೀಲರಂತೆ ವಾದಿಸುತ್ತೇವೆ, ವಾದವಿದ್ದ ಕಡೆ ಮಗು ಪ್ರತಿವಾದ ಹೂಡದೆ ಇರುತ್ತದೆಯೇ? ಮೊದಲ ಎರಡು ವಾರ ಹೊರಳಾಟ ಹೆಚ್ಚಾಗುತ್ತದೆ. ಹತ್ತನೆಯ ದಿನ ಸೋತು ಕೊಟ್ಟರೆ, ಹತ್ತು ದಿನ ಅಳಬೇಕು ಎಂದು ಅವನು ಕಲಿಯುತ್ತಾನೆ. ಆದರೆ ಅತ್ತದ್ದಕ್ಕೆ ಶಿಕ್ಷೆ ಬೇಡ. ಅಳುವನ್ನೂ ನುಂಗಿಕೊಳ್ಳುವ ಆಮಿಷ್ ಪಾಠವನ್ನು ಅಲ್ಲೇ ಬಿಟ್ಟು ಬನ್ನಿ. ಮೂರು ವರ್ಷದ ಮಗಳ ಹಟಕ್ಕಂತೂ ಔಷಧಿಯೇ ಬೇಡ. ಅದು ಆ ವಯಸ್ಸಿನ ಕೆಲಸ.

ಮಗನ ಶಾಲೆಯಲ್ಲಿಯೂ ಒಮ್ಮೆ ವಿಚಾರಿಸಿ. ಅಲ್ಲಿ ಚೆನ್ನಾಗಿದ್ದು ಮನೆಯಲ್ಲಿ ಮಾತ್ರ ಹೀಗಾದರೆ ಮೇಲಿನದು ಸಾಕು. ಎರಡೂ ಕಡೆ ಕೂರಲಾಗದೆ, ಕಾಯಲಾಗದೆ ಒದ್ದಾಡುತ್ತಿದ್ದರೆ ಗಮನ ಕೊರತೆಯ ತೊಂದರೆ ಇದೆಯೇ ಎಂದು ಮಕ್ಕಳ ವೈದ್ಯರಲ್ಲಿ ನೋಡಿಸಬೇಕು. ಅಂಥ ಮಗುವಿಗೆ ಶಿಸ್ತಿನ ಪುಸ್ತಕ ಓದಿ ಹೊಡೆಯುವುದು ಕಣ್ಣು ಮಂಜಾದವನಿಗೆ ಸರಿಯಾಗಿ ನೋಡು ಎಂದು ಬಾರಿಸಿದ ಹಾಗೆ.

ದೂರಿನ ಪ್ರಶ್ನೆ ಉಳಿಯಿತು. ಕೆಂಪಾದ ಕಣ್ಣಷ್ಟೇ ದೂರಿಗೆ ಆಧಾರವಲ್ಲ. ಬಾಸುಂಡೆ, ಮತ್ತೆ ಮತ್ತೆ ಗಾಯ, ತಂದೆ ಹತ್ತಿರ ಬಂದರೆ ಬೆಚ್ಚುವ ಮಗು, ಕೈಕೂಸಿಗೆ ಏಟು, ಅಥವಾ ಹುಡುಗಿಯೊಬ್ಬಳು ಒಬ್ಬ ಬಂಧುವನ್ನು ಕಂಡು ಅಡಗುವುದು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ರಾಜ್ಯದ ಚೈಲ್ಡ್‌ಲೈನ್‌ಗೆ ಕರೆ ಮಾಡಿ. ಹಗಲು ರಾತ್ರಿ ತೆಗೆದುಕೊಳ್ಳುತ್ತಾರೆ, ಸಾಮಾನ್ಯ ನಾಗರಿಕರು ಹೆಸರು ಹೇಳಬೇಕಿಲ್ಲ. ‘ಅದು ಅವರ ಧರ್ಮ’ ಎಂಬ ಸಂಕೋಚ ಆಗ ಬೇಡ. ಅದಿಲ್ಲದಿದ್ದರೆ ತರಕಾರಿಗೆ ಹೋಗುವುದನ್ನು ನಿಲ್ಲಿಸಬೇಡಿ, ಮಗನನ್ನೂ ಕರೆದುಕೊಂಡು ಹೋಗಿ. ಆ ಮನೆಯಾಕೆಯ ಜೊತೆ ಮಾತು ಬೆಳೆದರೆ ಮಕ್ಕಳ ಕಷ್ಟ ಅವರೂ ಹೇಳಿಕೊಳ್ಳುತ್ತಾರೆ. ಎಂಟು ಮಕ್ಕಳಲ್ಲಿ ಮಾತು ಕೇಳದ ಒಂದಾದರೂ ಅಲ್ಲಿಯೂ ಇರುತ್ತದೆ.

ಶಾಲೆಯವರು ಏನೆಂದರು ಎಂದು ಮತ್ತೆ ಬರೆಯಿರಿ. ಹಾಗೆಯೇ, ಮಗ ದಿನಕ್ಕೆ ಎಷ್ಟು ಗಂಟೆ ಟ್ಯಾಬ್ಲೆಟ್ ನೋಡುತ್ತಾನೆ ಎಂಬುದನ್ನೂ ತಿಳಿಸಿ. ಇಷ್ಟು ದೀರ್ಘ ಪತ್ರದಲ್ಲಿ ಅದೊಂದನ್ನು ಬಿಟ್ಟಿದ್ದೀರಿ.